ಹನ್ನೊಂದು ಮಿಲಿಸೆಕೆಂಡು

“ಸ್ವಲ್ಪ ಆ ಕಡೆ ಜರುಗ್ತೀರಾ ಅಜ್ಜಿ? ನಾವು ನಾಲ್ಕು ಜನ ಇದೀವಿ.”

ಸೌಮ್ಯಶ್ರೀಯ ಅತ್ತೆಗೆ ಹೀಗೆ ಹೇಳಿದವರಲ್ಲಿ ಇವರು ಮೂರನೆಯವರು. ಸುಮಿತ್ರಮ್ಮ ಬಟ್ಟೆಯ ಚೀಲ, ನೀರಿನ ಬಾಟಲಿ, ಇಡ್ಲಿ ತುಂಬಿದ ಸ್ಟೀಲ್ ಡಬ್ಬಿ ಎತ್ತಿಕೊಂಡು ಗೋಡೆಯ ಪಕ್ಕದ ಕುರ್ಚಿಗೆ ಹೋದರು. ರಾತ್ರಿ ಎಂಟರಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸ್ಕ್ಯಾನಿಂಗ್ ಆಗುವವರೆಗೆ ಏನೂ ತಿನ್ನಬಾರದೆಂದು ಹೇಳಿದ್ದರು. ಮೈಸೂರಿನ ಕುವೆಂಪುನಗರದ ಆ ಸ್ಕ್ಯಾನಿಂಗ್ ಸೆಂಟರಿನ ಹಾಲಿನಲ್ಲಿ ಹದಿನೆಂಟು ಕುರ್ಚಿಗಳಿದ್ದವು. ಸೌಮ್ಯಶ್ರೀ ಬಂದ ತಕ್ಷಣ ಎಣಿಸಿದ್ದಳು. ಏಳು ಖಾಲಿ. ಆದರೆ ಅಲ್ಲೊಂದು, ಇಲ್ಲೊಂದು. ಒಟ್ಟಿಗೆ ನಾಲ್ಕು ಎಲ್ಲಿಯೂ ಇರಲಿಲ್ಲ. ಒಟ್ಟಿಗೆ ನಾಲ್ಕು ಬೇಕೆಂದರೆ ಯಾರಾದರೂ ಏಳಬೇಕು. ಏಳುವವರು ಯಾವಾಗಲೂ ಸುಮಿತ್ರಮ್ಮನಂಥವರೇ. ಆಚೆ ಸಾಲಿನಲ್ಲಿ ಮೂತ್ರದ ಚೀಲ ತೂಗಿಸಿಕೊಂಡು ಕೂತ ವೃದ್ಧರನ್ನು ಯಾರೂ ಏಳಿಸುವಂತಿರಲಿಲ್ಲ. ಅವರ ಎಡಬಲದ ಜಾಗ ಖಾಲಿಯಿದ್ದೂ ಉಪಯೋಗಕ್ಕೆ ಬಾರದು. ತಾನು ಎರಡು ವರ್ಷದಿಂದ ಮಾಡುತ್ತಿರುವ ಕೆಲಸ ಇಷ್ಟೇ ಎಂದು ಸೌಮ್ಯಶ್ರೀಗೆ ಅನ್ನಿಸಿ ನಗು ಬಂತು. ಎದ್ದು ಹೋದ ಅತ್ತೆಯ ಸೆರಗು ಕುರ್ಚಿಯ ಸಂದಿಗೆ ಸಿಕ್ಕಿ, ಅವರು ಅದನ್ನು ಬಿಡಿಸಿಕೊಳ್ಳುತ್ತಿರುವುದು ಕಂಡು ನಗು ನಿಂತಿತು. ತಾನು ಎದ್ದಿರಲಿಲ್ಲ. ಅವಳ ಮಡಿಲಲ್ಲಿ ತುಂಬಬೇಕಾದ ಫಾರಮ್ಮು ಇತ್ತು ಎನ್ನುವುದು ಒಂದು ನೆಪ.

ಫಾರಮ್ಮನ್ನು ಅವಳು ನೋಡುತ್ತಲೂ ಇರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಒಳಗಿನ ಯಂತ್ರ ಕಾಣುತ್ತದೆಯೇ ಎಂದು ಇಣುಕುತ್ತಿದ್ದಳು. ತಿಳಿನೀಲಿ ಬಣ್ಣದ ಅಂಚು, ದುಂಡನೆಯ ಗಾಲಿಗಳು. ಅನುಮಾನವೇ ಇಲ್ಲ, ತಮ್ಮ ಕಂಪನಿಯದೇ. ಹೆಬ್ಬಾಳದ ಕೈಗಾರಿಕಾ ಪ್ರದೇಶದ ಎರಡಂತಸ್ತಿನ ಕಟ್ಟಡದಲ್ಲಿ ನಲವತ್ತು ಜನ ಸೇರಿ ಮಾಡಿದ ಅಲ್ಟ್ರಾಸೌಂಡ್ ಯಂತ್ರ. ಇಲ್ಲಿಯವರೆಗೆ ಅರವತ್ತೊಂದು ಮಾರಾಟವಾಗಿದ್ದವು. ಆದರೆ ನಿಜವಾದ ರೋಗಿಯ ಪಕ್ಕದಲ್ಲಿ ನಿಂತ ಯಂತ್ರವನ್ನು ಅವಳು ಇವತ್ತಿನವರೆಗೆ ನೋಡಿರಲಿಲ್ಲ. ‘ಹಿಂದೆ ಆಗಿರುವ ಶಸ್ತ್ರಚಿಕಿತ್ಸೆ’ ಎಂಬ ಸಾಲನ್ನು ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದಳು. ಮದುವೆಯಾಗಿ ಮೂರು ವರ್ಷ. ಅತ್ತೆಯ ಹೊಟ್ಟೆಗೆ ಎಂದಾದರೂ ಏನಾದರೂ ಆಗಿತ್ತೇ ಎಂದು ಅವಳಿಗೆ ಗೊತ್ತಿರಲಿಲ್ಲ. ಆರು ಹೆಜ್ಜೆ ದೂರದಲ್ಲಿ ಕೂತಿದ್ದವರನ್ನು ಕೇಳಬಹುದಿತ್ತು.

ಆ ಯಂತ್ರದೊಳಗಿನ ಕಂಪ್ಯೂಟರು ಹೊಟ್ಟೆಯ ಚಿತ್ರಗಳನ್ನು ಹತ್ತು ಸೆಕೆಂಡಿಗೆ ಇನ್ನೂರರಂತೆ ಕೂಡಿಟ್ಟುಕೊಳ್ಳುತ್ತದೆ. ಡಾಕ್ಟರು ಗುಂಡಿ ಒತ್ತಿ ನಿಲ್ಲಿಸಿದಾಗ ಅವನ್ನು ಹಿಂದೆ ಮುಂದೆ ತಿರುಗಿಸಿ ನೋಡಬಹುದು. ಇನ್ನೂರು ಚಿತ್ರಗಳಿಗೆ ಮೆಮೊರಿಯಲ್ಲಿ ಆರು ಸಾವಿರದ ನೂರ ನಲವತ್ನಾಲ್ಕು ಪುಟಗಳು ಬೇಕು; ಪುಟವೆಂದರೆ ಮೆಮೊರಿಯ ಒಂದು ಸಣ್ಣ ತುಂಡು. ಎಲ್ಲವೂ ಒಂದೇ ಸಾಲಿನಲ್ಲಿ, ನಡುವೆ ಒಂದೂ ಬಿಡದೆ. ಏಕೆಂದರೆ ಚಿತ್ರ ಬರೆಯುವ ಚಿಪ್ಪಿಗೆ ಸಾಲಿನ ತಲೆ ಎಲ್ಲಿದೆ, ಉದ್ದ ಎಷ್ಟು ಎಂಬುದಷ್ಟೇ ಅರ್ಥವಾಗುತ್ತದೆ. ಆ ಸಾಲಿನ ಜಾಗದಲ್ಲಿ ಅಷ್ಟರಲ್ಲಿ ಬೇರೆ ಯಾವುದೋ ಕೆಲಸದ ಪುಟಗಳು ಬಂದು ಕೂತಿರುತ್ತವೆ. ಅವನ್ನು ಒಂದೊಂದಾಗಿ ಎಬ್ಬಿಸಿ ಬೇರೆ ಕಡೆ ಕೂರಿಸಬೇಕು. ಎದ್ದೇಳದವು ಕೆಲವು ಇರುತ್ತವೆ. ಅವನ್ನು ಮತ್ತೆ ಮತ್ತೆ ಕೇಳುವುದು, ಕೊನೆಗೆ ಬೇರೆ ಸಾಲು ಹುಡುಕುವುದು. ಇದಕ್ಕೆಲ್ಲ ಮೊದಲು ನಾನೂರ ಹನ್ನೆರಡು ಮಿಲಿಸೆಕೆಂಡು ಹಿಡಿಯುತ್ತಿತ್ತು. ಸೆಕೆಂಡಿನ ಸಾವಿರದ ಒಂದು ಪಾಲಿಗೆ ಮಿಲಿಸೆಕೆಂಡು ಎನ್ನುತ್ತಾರೆ. ನಾನೂರು ಎಂದರೆ ಪರದೆ ಒಂದು ಸಲ ಬಿಕ್ಕಿದಂತೆ. ಡಾಕ್ಟರುಗಳು ದೂರಿದ್ದರು. ನಲವತ್ತರೊಳಗೆ ತರಬೇಕು ಎಂದು ಮ್ಯಾನೇಜರ್ ನಿರಂಜನ್ ಬೋರ್ಡಿನ ಮೇಲೆ ಬರೆದು ಸುತ್ತ ಗೆರೆ ಎಳೆದಿದ್ದರು.

ಅವಳು ತಂದಳು. ಪ್ರತಿ ಸಲ ಮೊದಲಿನಿಂದ ಹುಡುಕುವುದರ ಬದಲು ಹಿಂದಿನ ಸಲ ಎಲ್ಲಿ ಜಾಗ ಸಿಕ್ಕಿತ್ತೋ ಅಲ್ಲಿಂದ ಹುಡುಕುವುದು. ಎದ್ದೇಳದ ಪುಟ ಇದ್ದ ಸಾಲನ್ನು ಗುರುತಿಟ್ಟುಕೊಂಡು ಮತ್ತೆ ಆ ಕಡೆ ಹೋಗದಿರುವುದು. ಐದು ತಿಂಗಳ ಕೆಲಸ. ಐವತ್ತೊಂದಕ್ಕೆ ಇಳಿಯಿತು. ಅಲ್ಲಿ ನಿಂತಿತು. ಏನು ಮಾಡಿದರೂ ಐವತ್ತೊಂದು. ಇನ್ನು ಉಳಿದಿದ್ದು ಒಂದೇ: ಸಾಲು ಸಿಕ್ಕಿದ ಮೇಲೆ, ಕೊಡುವ ಮೊದಲು, ಅಷ್ಟೂ ಪುಟಗಳನ್ನು ಸೊನ್ನೆ ತುಂಬಿ ಒರೆಸುವ, ಪ್ರೋಗ್ರಾಮಿನ ಒಂದು ಸಾಲಿನ ಆದೇಶ. ಅದಕ್ಕೆ ಹನ್ನೊಂದು ಮಿಲಿಸೆಕೆಂಡು. ಚಿಪ್ಪು ಹೇಗೂ ಹೊಸ ಚಿತ್ರ ಬರೆಯುತ್ತದೆ, ಒರೆಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಅವಳು ಅದನ್ನು ತೆಗೆದಳು. ನಲವತ್ತು ಬಂತು. ಪರಿಶೀಲನೆಯ ದಿನ ಹನ್ನೆರಡು ಜನರ ಎದುರು ವಾಗೀಶ ಒಬ್ಬನೇ ಕೈಯೆತ್ತಿ, “ಒರ್ಸೋದು ತೆಗೆದ್ರೆ ಪರವಾಗಿಲ್ವೇನ್ರಿ?” ಎಂದ. ವಾಗೀಶ ಪರೀಕ್ಷಾ ವಿಭಾಗದವನು, ಪಾಲಿಟೆಕ್ನಿಕ್ ಓದಿದವನು. “ನಾಳೆ ಸುಣ್ಣ ಹೊಡೆಯೋ ಗೋಡೆನ ಇವತ್ತು ಯಾರಾದ್ರೂ ತೊಳೀತಾರಾ ವಾಗೀಶ್?” ಎಂದಿದ್ದಳು. ಎಲ್ಲರೂ ನಕ್ಕರು. ವಾಗೀಶನೂ ನಕ್ಕ. ಹಾಗೆ ನಗುವಾಗ ಅವನು ತನ್ನ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ್ದು ಅವಳಿಗೆ ಇವತ್ತೂ ಕಣ್ಣಿಗೆ ಕಟ್ಟಿದಂತಿದೆ. ಮಾರ್ಚ್ ಒಂಬತ್ತಕ್ಕೆ ಅರವತ್ತೊಂದು ಯಂತ್ರಗಳಿಗೂ ಹೊಸ ತಂತ್ರಾಂಶ ಹೋಯಿತು. ಅವಳಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಫೋಟೋ ತೆಗೆದರು. ಪೇಟ ದೊಡ್ಡದಾಗಿ ಕಿವಿಯ ಮೇಲೆ ಜಾರುತ್ತಿತ್ತು. ಆ ಫೋಟೋವನ್ನು ಅತ್ತೆ ದೇವರ ಮನೆಯ ಹೊರಗೋಡೆಗೆ ತೂಗುಹಾಕಿದ್ದಾರೆ.

ಬಾಗಿಲು ತೆರೆಯಿತು. ಒಳಗಿನಿಂದ ಐವತ್ತರ ಆಸುಪಾಸಿನ ಗಂಡಸೊಬ್ಬರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದು, ಕಾದಿದ್ದ ಹೆಂಡತಿಗೆ, “ಪಿತ್ತಕೋಶದಲ್ಲಿ ಕಲ್ಲಂತೆ ಕಣೆ. ಹುಣಸೆ ಬೀಜದಷ್ಟು,” ಎಂದರು. ಹೇಳುವಾಗ ಹೆಬ್ಬೆರಳು ತೋರುಬೆರಳ ನಡುವೆ ಬೀಜವನ್ನು ಹಿಡಿದು ತೋರಿಸಿದರು. ಹೆಂಡತಿ, “ಬ್ಯಾಡ ಅಂದ್ರೂ ದಿನಾ ಬೋಂಡಾ ತಿಂತಿದ್ರಲ್ಲ, ಅದೇ ಕಲ್ಲಾಗದೆ ಬುಡಿ,” ಎಂದರು. “ಲಿಂಗರಾಜು ಅವ್ರೇ, ರಿಪೋರ್ಟು ಅರ್ಧ ಗಂಟೆ,” ಎಂದಳು ಕೌಂಟರಿನವಳು. ಆಮೇಲೆ ಸೌಮ್ಯಶ್ರೀಯ ಕಡೆ ತಿರುಗಿ, “ಸುಮಿತ್ರಮ್ಮನವರು ಬರ್ಲಿ. ಬೇಜಾರ್ ಮಾಡ್ಕೋಬೇಡಿ, ತಡ ಆಯ್ತು. ನಮ್ ಮೇಡಂ ಮೊದ್ಲು ಒಬ್ರಿಗೆ ಹತ್ತು ನಿಮಿಷದಲ್ಲಿ ಮುಗಿಸ್ಬುಡೋರು, ಈಗ ಅರ್ಧ ಗಂಟೆ. ಎರಡು ತಿಂಗಳಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದಾರೆ,” ಎಂದಳು. ಮೆಲ್ಲಗೆ ಹೇಳಿದ್ದು ಹಾಲಿಗೆಲ್ಲ ಕೇಳಿಸಿತು.

ಒಳಗೆ ತಂಪಾಗಿತ್ತು, ಕತ್ತಲೆಯಿತ್ತು. ಡಾಕ್ಟರ್ ಗಿರಿಜಾಂಬಾ ಐವತ್ತೈದರ ಹೆಂಗಸು. ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿದ್ದರು. ದಪ್ಪ ಗಾಜಿನ ಹೊಸ ಕನ್ನಡಕ ಮೂಗಿಗೆ ಇನ್ನೂ ಒಗ್ಗಿರಲಿಲ್ಲ, ನಿಮಿಷಕ್ಕೊಮ್ಮೆ ಮೇಲಕ್ಕೆ ತಳ್ಳುತ್ತಿದ್ದರು. ಅತ್ತೆ ಹಾಸಿಗೆಯ ಮೇಲೆ ಮಲಗಿ, ಕೊರಳಿನಿಂದ ಎದೆಯವರೆಗೆ ಇಳಿದಿದ್ದ ಲಿಂಗದ ಕರಡಿಗೆಯನ್ನು ಬಿಚ್ಚದೆ, ದಾರ ಸಮೇತ ಹೆಗಲ ಹಿಂದಕ್ಕೆ ಸರಿಸಿ ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. “ಅದು ಅಲ್ಲೇ ಇರ್ಲಿ ಅಮ್ಮ, ನಮಗೇನೂ ಅಡ್ಡಿಯಿಲ್ಲ,” ಎಂದರು ಡಾಕ್ಟರು. ಸೌಮ್ಯಶ್ರೀ ಅತ್ತೆಯ ಕಾಲಬಳಿ ನಿಂತಳು. ಪರದೆ ಅವಳಿಗೆ ನೇರವಾಗಿ ಕಾಣುತ್ತಿತ್ತು. ಮೇಲಿನ ಮೂಲೆಯಲ್ಲಿ ಬಿಳಿ ಅಕ್ಷರಗಳಲ್ಲಿ ಸುಮಿತ್ರಮ್ಮ, ಅರವತ್ತಾರು. ತಣ್ಣನೆಯ ಅಂಟು ಹೊಟ್ಟೆಗೆ ತಾಗಿದ ಕೂಡಲೇ ಅತ್ತೆ “ಶಿವಾ” ಎಂದರು. ಬೂದು ಬಣ್ಣದ ಮೋಡಗಳು ಪರದೆಯಲ್ಲಿ ಕದಲಿದವು. ಡಾಕ್ಟರು ಗುಂಡಿ ಒತ್ತಿದರು. ಚಿತ್ರ ತಟ್ಟನೆ ನಿಂತಿತು, ಬಿಕ್ಕಳಿಕೆಯೇ ಇಲ್ಲ. ನಲವತ್ತು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಡಾಕ್ಟರಿಗೆ ಹೇಳಿಬಿಡಲೇ ಎಂದೂ ಅನ್ನಿಸಿತು: ಮೇಡಂ, ಇದು ಹೀಗೆ ನಿಲ್ಲೋ ಹಾಗೆ ಮಾಡಿದ್ದು ನಾನೇ.

ಡಾಕ್ಟರು ಚಿತ್ರಗಳನ್ನು ಹಿಂದಕ್ಕೆ ತಿರುಗಿಸತೊಡಗಿದರು. ನಾಲ್ಕು ಸೆಕೆಂಡಿಗೇ ನಿಲ್ಲಿಸಿದ್ದಾರೆ, ಇಷ್ಟು ಬೇಗ ಯಾಕೆ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಪರದೆಯ ಮೋಡ ಬದಲಾಗಿ, ಕಪ್ಪು ಪೇರಲಹಣ್ಣಿನಂಥ ಒಂದು ಚೀಲ, ಅದರ ತಳದಲ್ಲಿ ಹೊಳೆಯುವ ಒಂದು ಬೀಜ, ಬೀಜದ ಕೆಳಗೆ ಉದ್ದನೆಯ ನೆರಳು ಕಂಡವು. “ನೋಡಿ, ಇಲ್ಲಿದೆ,” ಎಂದರು ಡಾಕ್ಟರು. ಅವರ ದನಿಯಲ್ಲಿ ಸಮಾಧಾನವಿತ್ತು. “ಗಾಲ್ ಬ್ಲಾಡರ್‌ನಲ್ಲಿ ಕಲ್ಲು. ಅದಕ್ಕೇ ಊಟ ಆದ್ಮೇಲೆ ನೋವು. ಹದಿನಾಲ್ಕು ಮಿಲಿಮೀಟರ್. ಪಿತ್ತಕೋಶಾನೇ ತೆಗೆಸ್ಬೇಕಾಗುತ್ತೆ.”

“ಪಿತ್ತಕೋಶವಾ?” ಎಂದರು ಅತ್ತೆ, ಮಲಗಿದಲ್ಲಿಂದಲೇ ತಲೆ ಎತ್ತಿ. “ಅದ ತೆಗ್ಸಿ ನಾಕು ವರ್ಷ ಆಗೋಯ್ತು ಕಣಮ್ಮ.”

“ತೆಗ್ಸಿದ್ರೆ ಇಲ್ಲಿ ಹೇಗೆ ಕಾಣ್ತಾ ಇದೆ? ಬೇರೆ ಏನಾದ್ರೂ ತೆಗ್ಸಿರ್ತೀರಿ. ಅಪೆಂಡಿಕ್ಸ್ ಇರ್ಬೇಕು. ಏನಮ್ಮ, ಫಾರಮ್ಮಲ್ಲಿ ಏನೂ ಬರೆದೇ ಇಲ್ವಲ್ಲ?” ಕೊನೆಯ ಪ್ರಶ್ನೆ ಸೌಮ್ಯಶ್ರೀಗೆ.

ಅವಳಿಗೆ ಆ ಪ್ರಶ್ನೆ ಕೇಳಿಸಿತು, ಆದರೆ ಅದು ಬೇರೆ ಯಾವುದೋ ಕೋಣೆಯಲ್ಲಿ ಕೇಳಿದಂತಿತ್ತು. ಅವಳ ಕಣ್ಣು ಬೀಜದ ಮೇಲಿತ್ತು. ಹುಣಸೆ ಬೀಜ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದವರು ಎರಡು ಬೆರಳ ನಡುವೆ ಹಿಡಿದು ತೋರಿಸಿದ್ದು. ಅದು ಇಲ್ಲಿ, ಅತ್ತೆಯ ಹೆಸರಿನ ಕೆಳಗೆ, ಅತ್ತೆಯ ವಯಸ್ಸಿನ ಕೆಳಗೆ. ನಾಲ್ಕು ಸೆಕೆಂಡಿಗೆ ಎಂಬತ್ತು ಚಿತ್ರ. ಉಳಿದ ನೂರ ಇಪ್ಪತ್ತರ ಜಾಗದಲ್ಲಿ ಏನೂ ಬರೆದಿಲ್ಲ. ಏನೂ ಬರೆಯದ ಜಾಗ ಮೊದಲಾದರೆ ಕಪ್ಪಗಿರುತ್ತಿತ್ತು. ಕಪ್ಪು ಕಂಡರೆ ಡಾಕ್ಟರಿಗೆ ಮುಗಿಯಿತು ಎಂದು ಗೊತ್ತಾಗುತ್ತಿತ್ತು. ಸುಣ್ಣ ಅರ್ಧ ಗೋಡೆಗೆ ಮಾತ್ರ ಹೊಡೆದಿದ್ದರೆ? ಈ ಪ್ರಶ್ನೆ ಹನ್ನೆರಡು ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಾಸಿಗೆಯ ಕಬ್ಬಿಣದ ಅಂಚನ್ನು ಹಿಡಿದುಕೊಂಡಳು. ಅಂಗೈಗೆ ಅಲ್ಲಿ ಯಾರದೋ ಹೊಟ್ಟೆಯಿಂದ ಒರೆಸಿದ್ದ ಅಂಟು ಮೆತ್ತಿತು.

ಅವತ್ತೂ ಅಂಗೈ ಹೀಗೇ ಒದ್ದೆಯಾಗಿತ್ತು. ಬನ್ನಿಮಂಟಪದ ಛತ್ರವೊಂದರಲ್ಲಿ, ಒಂಬತ್ತು ವರ್ಷದವಳಾಗಿದ್ದಾಗ, ಅಪ್ಪನ ಪಕ್ಕ ಎಲೆಯ ಮುಂದೆ ಕೂತಿದ್ದಳು. ಅನ್ನಕ್ಕೆ ಸಾರು ಬಿದ್ದಿತ್ತು. ಪಂಚೆ ಉಟ್ಟ ಯಾರೋ ಬಂದು, “ಗಂಡಿನ ಕಡೆಯವರು ಎಂಟು ಜನ, ಸಾಲಾಗಿ ಕೂರ್ಬೇಕಂತೆ. ನೀವಿಬ್ರು ಆ ಕೊನೆಗೆ ಹೋಗ್ಬುಡಿ,” ಎಂದರು. ಅಪ್ಪ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದ. ಸಾರು ಅಪ್ಪನ ಮೊಣಕೈಯಿಂದ ಹೊಸ ಅಂಗಿಯೊಳಕ್ಕೆ ಇಳಿಯಿತು. “ಇರ್ಲಿ ಬುಡು ಮಗ, ಅವರು ಒಟ್ಟಿಗೆ ಕೂತ್ಕಳ್ಳಿ,” ಎಂದ. ನಗುತ್ತಲೇ ಎಂದ. ಕೊನೆಯ ಜಾಗದಲ್ಲಿ ಕೂತು ಅವಳು ನೆಲಕ್ಕೆ ಕೈ ಊರಿದಾಗ ಅಂಗೈಯಡಿ ಬೇರೆ ಯಾರೋ ಉಂಡ ಮೊಸರನ್ನ ಸಿಕ್ಕಿತು. ಹಿಂದಿನ ಪಂಕ್ತಿಯ ಎಂಜಲು. ಎಲೆ ಎತ್ತಿದ್ದರು, ನೆಲ ಒರೆಸಿರಲಿಲ್ಲ. ಅವಸರ. ಅವಳು ಆ ಕೈಯಲ್ಲಿ ಊಟ ಮಾಡಲಿಲ್ಲ. ಎಷ್ಟು ಹೇಳಿದರೂ ಮಾಡಲಿಲ್ಲ. ಒರೆಸದ ನೆಲವೆಂದರೆ ಏನೆಂದು ಅಂಗೈಯಲ್ಲೇ ಕಲಿತವಳು ತಾನು. ಆ ಒಂದು ಸಾಲನ್ನು ಅಳಿಸುವ ದಿನ ಈ ಅಂಗೈ ಎಲ್ಲಿತ್ತು? ಕೀಲಿಮಣೆಯ ಮೇಲೇ ಇತ್ತು.

“ಸುಳ್ಳು ಯಾಕೆ ಹೇಳ್ಲಿ ತಾಯಿ,” ಎಂದು ಅತ್ತೆ ಎದ್ದು ಕೂತಿದ್ದರು. ಸೀರೆಯ ನೆರಿಗೆ ಸಡಿಲಿಸಿ, ಒಳಲಂಗವನ್ನು ಇನ್ನಷ್ಟು ಕೆಳಕ್ಕೆ ತಳ್ಳಿ, ಹೊಕ್ಕುಳ ಹತ್ತಿರ ಒಂದು, ಪಕ್ಕೆಲುಬಿನ ಕೆಳಗೆ ಮೂರು, ಬೆಳ್ಳಗಿನ ಸಣ್ಣ ಗಾಯದ ಕಲೆಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಬಾಗಿಲು ಅರ್ಧ ತೆರೆದು ಕೌಂಟರಿನವಳು ಏನನ್ನೋ ಕೇಳಲು ಬಂದು ಅಲ್ಲೇ ನಿಂತಳು. ಎಡಗೈಯಲ್ಲಿ ಕರಡಿಗೆ, ಬಲಗೈಯಲ್ಲಿ ಸೊಂಟದ ಬಟ್ಟೆ. ತನ್ನ ಹೊಟ್ಟೆಯಲ್ಲಿ ಏನಿಲ್ಲವೆಂದು ಪರದೆಗೆ ಎದುರಾಗಿ ಸಾಕ್ಷಿ ಹೇಳುತ್ತಿದ್ದ ಆ ಮುದುಕಿಯ ಮುಖದಲ್ಲಿ ನಾಚಿಕೆಯಿತ್ತು, ಅದಕ್ಕಿಂತ ಹೆಚ್ಚಾಗಿ ತಾನು ಡಾಕ್ಟರಿಗೆ ಎದುರು ಮಾತಾಡುತ್ತಿದ್ದೇನೆಂಬ ಹೆದರಿಕೆಯಿತ್ತು. ಸೌಮ್ಯಶ್ರೀ ಹೋಗಿ ಸೆರಗು ಎಳೆದು ಮುಚ್ಚಬೇಕಿತ್ತು. ಅವಳು ಅಲುಗಲಿಲ್ಲ.

ಗಿರಿಜಾಂಬಾ ಕಲೆಗಳನ್ನು ನೋಡಿದರು. ಪರದೆಯನ್ನು ನೋಡಿದರು. ಕನ್ನಡಕ ತೆಗೆದು ಕೋಟಿನ ಅಂಚಿಗೆ ಉಜ್ಜಿ ಮತ್ತೆ ಹಾಕಿಕೊಂಡರು. ಅತ್ತೆಯನ್ನು ಮಲಗಿಸಿ ಮೊದಲಿನಿಂದ ನೋಡಿದರು, ಈ ಸಲ ಇಪ್ಪತ್ತು ನಿಮಿಷ. ಪಿತ್ತಕೋಶ ಇರಲಿಲ್ಲ. ಕಲ್ಲೂ ಇರಲಿಲ್ಲ. “ಏನೂ ಇಲ್ಲಮ್ಮ. ಗ್ಯಾಸ್ಟ್ರಿಕ್ ಇರ್ಬೇಕು, ಮಾತ್ರೆ ಬರ್ಕೊಡ್ತೀನಿ. ಕ್ಷಮಿಸಿ. ನನ್ನ ಕಣ್ಣೇ...” ಎಂದು ನಿಲ್ಲಿಸಿ, ನಗಲು ನೋಡಿದರು. “ವಯಸ್ಸಾಯ್ತು ನೋಡಿ. ಈ ವರ್ಷ ಮುಗಿಸಿ ಬಾಗಿಲು ಹಾಕ್ಬೇಕು ಅನ್ಸುತ್ತೆ.” ಟಿಶ್ಯೂ ಕಾಗದ ಎಳೆದು ಅತ್ತೆಯ ಹೊಟ್ಟೆಯನ್ನು ತಾವೇ ಒರೆಸಿದರು. ಸ್ವಲ್ಪವೂ ಅಂಟು ಉಳಿಯದಂತೆ ಒರೆಸಿದರು.

ಹೊರಗೆ ಬಂದು ಅತ್ತೆಯನ್ನು ಕೂರಿಸಿ, ಸೌಮ್ಯಶ್ರೀ ಮೆಟ್ಟಿಲ ಕೆಳಗೆ ಸ್ಕೂಟರುಗಳ ನಡುವೆ ನಿಂತು ವಾಗೀಶನಿಗೆ ಫೋನು ಮಾಡಿದಳು. ನಿರಂಜನರಿಗೆ ಮಾಡಬೇಕಿತ್ತು. ಬೆರಳು ವಾಗೀಶನ ಹೆಸರಿನ ಮೇಲೆ ಹೋಯಿತು.

“ವಾಗೀಶ್, ನಾವು ಪರೀಕ್ಷೆಗೆ ಏನು ಇಡ್ತೀವಿ ಯಂತ್ರದ ಕೆಳಗೆ?”

“ಅದೇ ರಬ್ಬರ್ ಗಡ್ಡೆ ಕಣ್ರೀ. ಯಾಕೆ?”

“ಎಷ್ಟಿವೆ ನಮ್ಮ ಹತ್ರ?”

“ಒಂದೇ. ಇನ್ನೊಂದು ತರ್ಸಿ ಅಂತ ಎರಡು ಸಲ ಬರ್ಕೊಟ್ಟೆ. ಮೂರೂವರೆ ಲಕ್ಷ ಅಂತ ನಿರಂಜನ್ ಸರ್ ಬೇಡ ಅಂದ್ರು.”

ರೋಗಿಯ ಹೊಟ್ಟೆಯ ಬದಲಿಗೆ ಇಡುವ ಒಂದೇ ರಬ್ಬರ್ ಗಡ್ಡೆ. ಐದು ತಿಂಗಳು, ಸಾವಿರಾರು ಪರೀಕ್ಷೆ, ಎಲ್ಲದರಲ್ಲೂ ಅದೇ ಗಡ್ಡೆಯ ಅದೇ ಚಿತ್ರ. ಹಳೆಯದು ಉಳಿದಿದ್ದರೂ ಹೊಸದರಂತೆಯೇ ಕಾಣುತ್ತದೆ. ಪರೀಕ್ಷೆಯ ಮೇಲೆ ಪರೀಕ್ಷೆ ಪಾಸಾದದ್ದು ಹೀಗೆ. “ಒಂದು ಕೆಲಸ ಮಾಡ್ತೀರಾ?” ಎಂದಳು. ತನ್ನ ದನಿ ತನಗೇ ಬೇರೆಯವರದಂತೆ ಕೇಳಿತು. “ಮೊದ್ಲು ನಿಮ್ಮ ಕೈ ಇಟ್ಟು ಹತ್ತು ಸೆಕೆಂಡು ತುಂಬಿಸಿ. ಆಮೇಲೆ ಹೊಸ ರೋಗಿ ಅಂತ ಹೆಸರು ಹಾಕಿ ಗಡ್ಡೆ ಇಡಿ. ಮೂರು ಸೆಕೆಂಡಿಗೆ ನಿಲ್ಸಿ. ಹಿಂದಕ್ಕೆ ತಿರುಗ್ಸಿ.”

ವಾಗೀಶ ಯಾಕೆಂದು ಕೇಳಲಿಲ್ಲ. ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು ಬಂತು. ಎದುರಿನ ಬೇಕರಿಯವನು ಬ್ರೆಡ್ಡಿನ ಟ್ರೇಗಳನ್ನು ಇಳಿಸುತ್ತಿದ್ದ. ಶಾಲೆಯ ಸಮವಸ್ತ್ರದ ಇಬ್ಬರು ಹುಡುಗಿಯರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಒಬ್ಬಾಕೆ ಹೋದರು. ಎಲ್ಲವೂ ತುಂಬ ನಿಚ್ಚಳವಾಗಿ, ಅಂಚು ಕತ್ತರಿಸಿಟ್ಟಂತೆ ಕಾಣುತ್ತಿತ್ತು. ಮಾರ್ಚ್ ಒಂಬತ್ತು. ಏಪ್ರಿಲ್, ಮೇ, ಜೂನ್, ಇವತ್ತು ಜುಲೈ ಹದಿಮೂರು. ಅರವತ್ತೊಂದು ಯಂತ್ರ. ದಿನಕ್ಕೆ ಇಪ್ಪತ್ತೈದು ಜನ ಎಂದರೂ... ಅವಳು ಗುಣಿಸತೊಡಗಿದಳು, ಗುಣಿಸುವುದನ್ನು ನಿಲ್ಲಿಸಿದಳು. ಎಲ್ಲರೂ ಪಿತ್ತಕೋಶ ತೆಗೆಸಿದವರಾಗಿರುವುದಿಲ್ಲ. ಎಲ್ಲರ ಹೊಟ್ಟೆಯ ಮೇಲೂ ತೋರಿಸಲು ಕಲೆಗಳಿರುವುದಿಲ್ಲ.

“ಸೌಮ್ಯ ಅವ್ರೇ.” ವಾಗೀಶ ಮತ್ತೆ ಫೋನು ಎತ್ತಿಕೊಂಡಿದ್ದ. ಉಸಿರು ಕೇಳುತ್ತಿತ್ತು. “ರಬ್ಬರ್ ಗಡ್ಡೆಯೊಳಗೆ ನನ್ನ ಮುಂಗೈ ಮೂಳೆ ಕಾಣ್ತಾ ಇದೆ ಕಣ್ರೀ.”

ನಾನು ಅವತ್ತೇ ಕೇಳಿದ್ದೆ ಎಂದು ಅವನು ಹೇಳುತ್ತಾನೆಂದು ಅವಳು ಕಾದಳು. ಹೇಳಿದ್ದರೆ ಹಗುರಾಗುತ್ತಿತ್ತು. ಅವನು ಹೇಳಲಿಲ್ಲ. “ನಿರಂಜನ್ ಸರ್ ಇಲ್ಲೇ ನಿಂತಿದಾರೆ, ನೋಡಿದ್ರು,” ಎಂದ. “ನೀವು ತಕ್ಷಣ ಆಫೀಸಿಗೆ ಬರ್ಬೇಕಂತೆ. ಆ ಸಾಲು ವಾಪಸ್ ಹಾಕಿ ಸಂಜೆಯೊಳಗೆ ಎಲ್ಲಾ ಯಂತ್ರಕ್ಕೂ ಕಳಿಸ್ಬುಡೋಣ ಅಂತಿದಾರೆ. ಸಣ್ಣಪುಟ್ಟ ಸುಧಾರಣೆ ಅಂತ ಹೆಸರು ಹಾಕಿ.” ದನಿ ತಗ್ಗಿಸಿ, “ಅಲ್ಲಿ ಯಾರ ಹತ್ರಾನೂ ಬಾಯಿ ಬಿಡಬೇಡಿ ಅಂತ,” ಎಂದ.

ಸಂಜೆಯೊಳಗೆ ಸರಿಯಾಗುತ್ತದೆ. ಒಂದು ಸಾಲು. ಐವತ್ತೊಂದು ಎಂದು ಬೋರ್ಡಿನಲ್ಲಿ ತಿದ್ದಬೇಕಾಗಬಹುದು, ಅಷ್ಟೆ. ನಾಳೆಯಿಂದ ಬರೆಯದ ಜಾಗ ಕಪ್ಪಗಿರುತ್ತದೆ. ನಿನ್ನೆಯವರೆಗಿನ ಜಾಗ?

ಮೇಲೆ ಹೋದಾಗ ಅತ್ತೆ ಡಬ್ಬಿ ತೆರೆದು ಇಡ್ಲಿ ತಿನ್ನುತ್ತಿದ್ದರು. ಪಕ್ಕದಲ್ಲಿ ಲಿಂಗರಾಜು ಮತ್ತು ಅವರ ಹೆಂಡತಿ. ಅತ್ತೆ ಅವರಿಗೂ ಎರಡು ಇಡ್ಲಿ ಮುಚ್ಚಳದಲ್ಲಿ ಹಾಕಿಕೊಟ್ಟಿದ್ದರು. “ನಿಮ್ಮ ಕಲ್ಲು ನಂಗೆ ಬಂದ್ಬುಟ್ಟಿತ್ತು ಕಣಪ್ಪ ಇವತ್ತು,” ಎಂದು ನಗುತ್ತಿದ್ದರು. ಏನೂ ತಿಳಿಯದೆ ಆಡಿದ ತಮಾಷೆ. ಸೊಸೆಯನ್ನು ಕಂಡು ನಗು ನಿಲ್ಲಿಸಿದರು. “ಯಾಕಮ್ಮ, ಮುಖ ಹಿಂಗಾಗೋಗದೆ? ನಂಗೇನೂ ಇಲ್ಲ ಅಂದ್ರಲ್ಲ ಡಾಕ್ಟ್ರಮ್ಮ.” ಆಮೇಲೆ ಮೆಲ್ಲಗೆ, “ಪಾಪ, ಆಯಮ್ಮಂಗೆ ಕಣ್ಣು ಹೊಂಟೋಗ್ತಾ ಅದೆ ಕಣೆ. ಅಳ್ತಾ ಇದ್ರು ಅನ್ಸುತ್ತೆ,” ಎಂದರು.

“ಅತ್ತೆ, ಒಂದೈದು ನಿಮಿಷ ಇಲ್ಲೇ ಇರಿ. ಯಾರು ಹೇಳಿದ್ರೂ ಏಳ್ಬೇಡಿ,” ಎಂದು ಹೇಳಿ ಅವಳು ಕೌಂಟರು ದಾಟಿ, ತಡೆಯಲು ಎದ್ದವಳನ್ನು ದಾಟಿ ಒಳಗೆ ಹೋದಳು.

ಹಾಸಿಗೆ ಖಾಲಿಯಿತ್ತು. ಡಾಕ್ಟರು ಮುಂದಿನವರನ್ನು ಕರೆಯದೆ ಕೂತಿದ್ದರು. ನಿಂತೇ ಹೇಳಿದಳು: ತಾನು ಯಾರು, ಎಲ್ಲಿ ಕೆಲಸ, ಏನು ತೆಗೆದಳು, ಎಷ್ಟು ಉಳಿಸಲು, ಎಂದಿನಿಂದ. ಬರೆಯದ ಜಾಗದಲ್ಲಿ ಹಿಂದಿನವರದು ಉಳಿಯುತ್ತದೆ, ಹೆಸರು ಮಾತ್ರ ಹೊಸಬರದು ಬೀಳುತ್ತದೆ. “ಅದು ನಿಮ್ಮ ಕಣ್ಣಲ್ಲ ಮೇಡಂ,” ಎಂದಳು. ವಾಕ್ಯಗಳು ವರದಿಯ ಹಾಗೆ ಒಂದರ ಹಿಂದೆ ಒಂದು ಬಂದವು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಗಿರಿಜಾಂಬಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಮುಖ ಏನೂ ಹೊದ್ದಿಲ್ಲದ ಹಾಗೆ ಕಂಡಿತು.

“ಎಷ್ಟು ಉಳೀತು ಅಂದ್ರಿ?”

“ಹನ್ನೊಂದು ಮಿಲಿಸೆಕೆಂಡು.”

“ಅಂದ್ರೆ?”

“ಕಣ್ಣು ಒಂದ್ಸಲ ಮಿಟುಕಿಸೋಕೆ ನೂರಾದ್ರೂ ಬೇಕು ಮೇಡಂ.”

ಡಾಕ್ಟರು ಯಂತ್ರದ ಕಡೆ ನೋಡಿದರು. ಕೈ ಚಾಚಿ ಅದರ ಸ್ವಿಚ್ಚನ್ನು ಆರಿಸಿದರು. ಇಷ್ಟು ಹೊತ್ತು ಇದ್ದದ್ದೇ ಗೊತ್ತಿರದಿದ್ದ ಫ್ಯಾನಿನ ಗುಂಯ್ ನಿಂತಿತು. “ಮೇ ತಿಂಗಳಲ್ಲಿ ಕಣ್ಣಾಸ್ಪತ್ರೆಗೆ ಹೋದೆ. ಚೆನ್ನಾಗಿದೆ ಅಂದ್ರು. ನಂಬ್ಲಿಲ್ಲ, ಇನ್ನೊಂದು ಕಡೆ ಹೋದೆ. ಸ್ವಲ್ಪ ಸ್ವಲ್ಪ ನೋಡೋಣ, ನಿಲ್ಸಿ ನಿಲ್ಸಿ ನೋಡೋಣ, ಎರಡೆರಡು ಸಲ ಹಿಂದೆ ತಿರುಗ್ಸಿ ನೋಡೋಣ ಅಂತ ಶುರು ಮಾಡ್ದೆ.” ಚಿತ್ರ ಬೇಗ ನಿಲ್ಲಿಸಿದಷ್ಟೂ ಬರೆಯದ ಜಾಗ ಹೆಚ್ಚು ಉಳಿಯುತ್ತಿತ್ತು. ಎಷ್ಟು ಎಚ್ಚರ ವಹಿಸಿದರೋ ಅಷ್ಟು ತಪ್ಪು ಕಂಡಿತ್ತು. ಅದನ್ನು ಸೌಮ್ಯಶ್ರೀ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅವರಿಗೆ ಅರ್ಥವಾದದ್ದು ಅವರ ತುಟಿಯಲ್ಲಿ ಕಂಡಿತು.

ಅವರು ಡ್ರಾಯರಿನಿಂದ ಉದ್ದನೆಯ ರಿಜಿಸ್ಟರು ತೆಗೆದು, ಕನ್ನಡಕವಿಲ್ಲದೆಯೇ, ಹುಡುಕದೆಯೇ ಒಂದು ಪುಟ ತೆರೆದರು. ಆ ಪುಟ ಹಲವು ಸಲ ತೆರೆದು ಸವೆದಿತ್ತು. ಏಪ್ರಿಲ್ ಇಪ್ಪತ್ತೆರಡು. ಅಂಚಿನಲ್ಲಿ ಪೆನ್ಸಿಲ್ಲಿನ ಚುಕ್ಕೆ. ಚಾಮುಂಡೇಶ್ವರಿ, ನಲವತ್ತೊಂದು, ಸಿದ್ಧಾರ್ಥನಗರ.

“ಎಡ ಅಂಡಾಶಯದಲ್ಲಿ ಆರು ಸೆಂಟಿಮೀಟರ್ ಗಡ್ಡೆ ಅಂತ ಬರ್ಕೊಟ್ಟೆ. ನಂಗೆ ಹೊಟ್ಟೆನೋವೇ ಇಲ್ಲ ಮೇಡಂ, ಸುಮ್ನೆ ಚೆಕಪ್‌ಗೆ ಬಂದೆ ಅಂತ ಎರಡು ಸಲ ಹೇಳಿದ್ಲು. ತೆರೆದು ನೋಡಿದ್ರು. ಏನೂ ಇರ್ಲಿಲ್ಲ. ಹೊಲಿಗೆ ಕೀವಾಗಿ ಒಂದು ತಿಂಗಳು ಮಲಗಿದ್ಲು. ಆಮೇಲೆ ಇಲ್ಲಿಗೆ ಬಂದ್ಲು. ಜಗಳ ಆಡೋಕಲ್ಲ. ಇಲ್ದೇ ಇರೋದು ಎಂಗೆ ಕಾಣ್ತು ಮೇಡಂ ಅಂತ ಕೇಳೋಕೆ. ನನ್ನ ಹತ್ರ ಉತ್ತರ ಇರ್ಲಿಲ್ಲ.” ಬೆರಳು ಆ ಸಾಲಿನ ಮೇಲೇ ಇತ್ತು. “ಅವತ್ತು ಬೆಳಿಗ್ಗೆ ಅವಳಿಗಿಂತ ಮುಂಚೆ ನಿಜವಾಗ್ಲೂ ಗಡ್ಡೆ ಇದ್ದೋರು ಯಾರೋ ಇದ್ರು. ಇಲ್ಲೇ ಇದೆ, ಎರಡು ಸಾಲು ಮೇಲೆ. ದಿನಾ ಈ ಪುಟ ನೋಡ್ತಿದ್ದೆ. ಮೇಲಿನ ಸಾಲು ಓದಿರ್ಲಿಲ್ಲ.”

ಸೌಮ್ಯಶ್ರೀಯ ಚೀಲದೊಳಗೆ ಫೋನು ನಡುಗಿತು. ನಿರಂಜನ್. ನಡುಗಿ ನಡುಗಿ ನಿಂತಿತು. ಹೊರಗೆ ಹಾಲಿನಲ್ಲಿ ಯಾರೋ ಜೋರಾಗಿ, “ಅಜ್ಜಿ, ಒಸಿ ಜರುಗಿ,” ಎಂದರು. ಅದಕ್ಕೆ ಅತ್ತೆಯ ದನಿ ಅಷ್ಟೇ ಜೋರಾಗಿ, “ಇಲ್ಲ ಕಣಪ್ಪ, ಸೊಸೆ ಏಳ್ಬ್ಯಾಡ ಅಂದವ್ಳೆ,” ಎಂದಿತು.

ಗಿರಿಜಾಂಬಾ ಮೇಜಿನ ಮೇಲಿನ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿದ್ದ ಹತ್ತು ಅಂಕಿಗಳನ್ನು ಒಂದೊಂದಾಗಿ ಒತ್ತಿದರು. ಒತ್ತಿ, ರಿಸೀವರನ್ನು ತಮ್ಮ ಕಿವಿಗೆ ಇಟ್ಟುಕೊಳ್ಳದೆ ಅವಳ ಕಡೆ ಚಾಚಿದರು.

“ಉತ್ತರ ನಿಮ್ಮ ಹತ್ರ ಇದೆಯಲ್ಲ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ರಿಸೀವರು ಅವಳ ಕೈಗೆ ಬಂತು. ಅಂಗೈ ಇನ್ನೂ ಅಂಟಂಟಾಗಿತ್ತು. ಆ ಕಡೆ ಗಂಟೆ ಹೊಡೆಯಿತು, ಮತ್ತೆ ಹೊಡೆಯಿತು. ಎತ್ತದಿರಲಿ ಎಂದು ಅವಳು ಕೇಳಿಕೊಂಡಳು. ಐದನೆಯ ಗಂಟೆಗೆ ಎತ್ತಿದರು. ಹಿಂದೆ ನಲ್ಲಿಯ ನೀರು ಬಕೆಟ್ಟಿಗೆ ಬೀಳುವ ಸದ್ದು, ಯಾರೋ ಅದನ್ನು ನಿಲ್ಲಿಸಿದ ಸದ್ದು.

“ಹಲೋ? ಯಾರು ಮಾತಾಡೋದು?”

ಅವಳು ಬಾಯಿ ತೆರೆದಳು. ಎಷ್ಟು ಹೊತ್ತಾಯಿತೆಂದು ಈ ಸಲ ಅವಳು ಅಳೆಯಲಿಲ್ಲ.

“ಹಲೋ, ಹೇಳಿ.”

“ಚಾಮುಂಡೇಶ್ವರಿ ಅವ್ರಾ? ನಾನು ಸೌಮ್ಯಶ್ರೀ ಅಂತ. ನಿಮಗೆ ನನ್ನ ಪರಿಚಯ ಇಲ್ಲ.”